ಹೊಸ ವಿಂಡೋಸ್ ಹಾಕಿಸಲೇನು, ಅಂಜುಮ್?

ಶಹಾಪುರ
20 ನವೆಂಬರ್ 2025

ನನ್ನ ಅಂಗಡಿಯ ಅರ್ಧ ಯಜಮಾನಿ ಅಂಜುಮ್‌ಗೆ, ಸುನಿತಾ ಮಾಡುವ ಸಲಾಂ.

ಫೋನಿದ್ದೂ ಪತ್ರವೇಕೆ ಎಂದು ನಗಬೇಡ. ಫೋನಿನಲ್ಲಿ ಏನು ಕೇಳಿದರೂ "ನಿನ್ನ ಮರ್ಜಿ, ಸುನಿತಾ" ಎನ್ನುತ್ತೀಯ, ಅಷ್ಟರಲ್ಲಿ ನಿನ್ನ ಮಗಳು ಚೀರುತ್ತಾಳೆ, ಮಾತು ಅಲ್ಲಿಗೇ ಮುಗಿಯುತ್ತದೆ. ಪತ್ರವಾದರೆ ಕೂಸನ್ನು ಮಲಗಿಸಿ, ಯೋಚನೆ ಮಾಡಿ ಉತ್ತರ ಬರೆಯಬಹುದು. ಖಾಜಾಮಿಯಾ ಕಾಕಾ ತಮ್ಮ ಮಗ ಅಬ್ರಾರನ ಮದುವೆಯ ಕಾರ್ಡು ಹಂಚಲು ನಾಳೆ ನಿಮ್ಮ ರಂಗಂಪೇಟೆಗೆ ಬರುತ್ತಾರೆ. ಅವರ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತೇನೆ.

ವಿಷಯ ನಮ್ಮ ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿನದು. ಅದರಲ್ಲಿರುವ ವಿಂಡೋಸ್ ಸೆವೆನ್ ಮುದಿಯಾಗಿಬಿಟ್ಟಿದೆ. ಹೊಸ ಕಲರ್ ಪ್ರಿಂಟರನ್ನು ಅದು ಗುರುತೇ ಹಿಡಿಯುವುದಿಲ್ಲ. ಗಿರಾಕಿಗಳು ಮದುವೆಯ ಮ್ಯಾಟರನ್ನು ಫೋನಿಗೆ ಕಳಿಸುತ್ತಾರೆ, ಅದನ್ನು ಕಂಪ್ಯೂಟರಿಗೆ ಇಳಿಸಲು ಬರುವುದಿಲ್ಲ. ಒಂದು ಕೈಯಲ್ಲಿ ಫೋನ್ ಹಿಡಿದು, "ಸುಖಾಗಮನ ಬಯಸುವವರು" ಎಂದು ಅವರ ಇಡೀ ಬಳಗವನ್ನು ಮತ್ತೆ ಟೈಪ್ ಮಾಡುತ್ತ ಕೂಡುತ್ತೇನೆ. ಅದರಲ್ಲಿ ಯಾರದೋ ಸೋದರಮಾವನ ಹೆಸರು ಬಿಟ್ಟುಹೋದರೆ ಮುಗಿಯಿತು, ಮದುವೆಯೇ ಮುರಿದುಬಿದ್ದ ಹಾಗೆ ಬಯ್ಯುತ್ತಾರೆ.

ಭೀಮರಾಯನಗುಡಿಯಿಂದ ರಿಪೇರಿಯ ವಿಶ್ವರಾಧ್ಯನನ್ನು ಕರೆಸಿದೆ. "ಅಕ್ಕಾರ, ಹೊಸಾ ವಿಂಡೋಸ್ ಹಾಕಿದ್ರ ಎಲ್ಲಾ ಓಡ್ತದರಿ. ಆದ್ರ ನಿಮ್ಮ ಹಳೀ ಉರ್ದು ಸಾಫ್ಟ್‌ವೇರ್ ಅದರಾಗ ಓಡಂಗಿಲ್ಲ" ಎಂದ. ಎರಡನ್ನೂ ಇಡಪ್ಪಾ ಎಂದೆ. "ಅಷ್ಟು ತಾಕತ್ತು ಈ ಮಷಿನ್‌ದಾಗ ಇಲ್ರಿ" ಎಂದ. ಆಮೇಲೆ ನಿನ್ನ ಖಾಲಿ ಕುರ್ಚಿಯ ಕಡೆ ನೋಡಿ, "ಉರ್ದು ಟೈಪ್ ಮಾಡೋರು ಈಗ ಯಾರೂ ಇಲ್ಲಲ್ರಿ. ಮತ್ಯಾಕ ಇದನ್ನ ಹಿಡಕೊಂಡು ಕುಂತೀರಿ?" ಎಂದು ಕೇಳಿದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು ನೋಡು. "ನಮ್ಮ ಅಂಜುಮ್ ಬರ್ತಾಳ. ನೀ ಚಾ ಕುಡದು ಹೋಗು" ಎಂದು ಸಾಗಹಾಕಿದೆ. ಪಾಪ, ಅವನು ಚಹಾ ಕೂಡ ಅರ್ಧಕ್ಕೆ ಬಿಟ್ಟು ಹೋದ.

ನೀನಿಲ್ಲದೆಯೂ ಉರ್ದು ಮಾಡುತ್ತೇನೆ ಎಂಬ ಹುಂಬತನಕ್ಕೂ ಕೈ ಹಾಕಿ ನೋಡಿದೆ. ಹೇಳುತ್ತೇನೆ, ನಿನ್ನ ಅತ್ತೆಯ ಮುಂದೆ ಜೋರಾಗಿ ನಗಬೇಡ. ನೀನು ಕಲಿಸಿದ ನಾಲ್ಕು ಅಕ್ಷರ ನಂಬಿಕೊಂಡು, ನಿನ್ನದೇ ಒಂದು ಹಳೆಯ ಕಾರ್ಡಿನಲ್ಲಿ ಹೆಸರು, ತಾರೀಖು ಬದಲಿಸಿ ಖಾಜಾಮಿಯಾ ಕಾಕಾನ ಕಾರ್ಡು ತಯಾರು ಮಾಡಿದೆ. ಅಕ್ಷರ ಒಂದೂ ತಪ್ಪಿರಲಿಲ್ಲ, ಮೌಲ್ವಿ ಸಾಹೇಬರೇ ನೋಡಿ ಹೂಂ ಎಂದಿದ್ದರು. ಆದರೆ ಮಡಿಚಿದ್ದು ಕನ್ನಡದ ಕೈ! ಕನ್ನಡ ಕಾರ್ಡಿನ ರೂಢಿಯಲ್ಲೇ ಪುಟ ಜೋಡಿಸಿ, ಎಡಕ್ಕೆ ಮಡಿಕೆ ಬರುವಂತೆ ಅಷ್ಟನ್ನೂ ಮಡಿಚಿಟ್ಟೆ. ಉರ್ದು ಓದುವವರು ಬಲಗಡೆಯಿಂದ ಶುರು ಮಾಡುತ್ತಾರಲ್ಲ, ಅವರಿಗೆ ಮೊದಲು ಸಿಕ್ಕಿದ್ದು ನಮ್ಮ ಅಂಗಡಿಯ ಹೆಸರು, ಫೋನ್ ನಂಬರು. ಒಳಗೆ ತೆರೆದರೆ ಮೊದಲು ವಲೀಮಾದ ಊಟ, ಅದಾದ ಮೇಲೆ ನಿಕಾಹ್. ಎಲ್ಲಕ್ಕೂ ಕೊನೆಗೆ ಬಿಸ್ಮಿಲ್ಲಾ!

"ಏನವ್ವಾ, ನಿಕಾಹ್ ಆಗೂಕಿಂತ ಮೊದಲ ಬೀಗರಿಗಿ ಉಣಿಸಿ ಕಳಸಂತೀ ಏನು?" ಎಂದು ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಎದ್ದು ಹೋಗುವಾಗ, "ಅಂಜುಮ್ ಬೇಟಿ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ" ಎಂದರು. ಅವರು ಹೋದ ಮೇಲೆ ಯಾಕೋ ಅಳು ಬಂತು. ಕಾಗದ ಹಾಳಾಯಿತಲ್ಲ, ಅದಕ್ಕೇ ಇರಬೇಕು. ಅಷ್ಟೂ ಕಾರ್ಡುಗಳನ್ನು ಮತ್ತೆ ಹೊಡೆದು, ಈ ಸಲ ನೆಟ್ಟಗೆ ಮಡಿಚಿ ಕೊಟ್ಟಿದ್ದೇನೆ.

ಮಗಳು ನಡೆಯುವಂತಾದ ಮೇಲೆ ಅಂಗಡಿಗೆ ಬರುತ್ತೇನೆ ಎಂದು ನೀನು ಹೇಳಿದ್ದೆ. ಈಗ ಅವಳು ಓಡಾಡಿ ಅಜ್ಜಿಯ ಎಲೆ-ಅಡಿಕೆ ಡಬ್ಬಿಗೆ ಕೈ ಹಾಕುತ್ತಾಳಂತೆ, ಹೋದ ಸಲ ಫೋನಿನಲ್ಲಿ ನೀನೇ ಹೇಳಿದೆ. ಅದಕ್ಕೇ ಕೇಳುತ್ತಿದ್ದೇನೆ. ನೀನು ಬರುವುದಾದರೆ ಹಳೆಯ ವಿಂಡೋಸನ್ನು ಮುಟ್ಟಗೊಡುವುದಿಲ್ಲ, ಆ ಪ್ರಿಂಟರ್ ಹಾಳಾಗಿ ಹೋಗಲಿ. ಬರುವುದಿಲ್ಲವೆಂದಾದರೆ ಅದನ್ನೂ ನೇರವಾಗಿ ಬರೆ, ಹೊಸದು ಹಾಕಿಸುತ್ತೇನೆ. ನನಗೇನೂ ಸಿಟ್ಟಿಲ್ಲ, ಇದು ಬರೀ ದಂಧೆಯ ಮಾತು. ನಾನು ಇಲ್ಲಿ ಆರಾಮ ಇದ್ದೇನೆ. ಅವ್ವ ಮಾತ್ರ ಇನ್ನೂ ಮಧ್ಯಾಹ್ನಕ್ಕೆ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ನಿನ್ನ ಪಾಲನ್ನೂ ನಾನೇ ತಿಂದು ಡುಮ್ಮಿಯಾಗಿದ್ದೇನೆ.

ಮದೀನಾಬೀ ಅತ್ತೆಯವರಿಗೆ ನನ್ನ ಸಲಾಂ ತಿಳಿಸು. ಮಗಳಿಗೆ ಮುತ್ತು.

ನಿನ್ನ ಜಗಳಗಂಟಿ,
ಸುನಿತಾ

ತಾ.ಕ.: ಲಕೋಟೆಗೆ ಹಾಕಿದ ಪತ್ರವನ್ನು ಹೊರಗೆ ತೆಗೆದು ಇಷ್ಟು ಸೇರಿಸುತ್ತಿದ್ದೇನೆ. ಮತ್ತೊಮ್ಮೆ ಓದಿದಾಗ ನನಗೇ ಕೆಡುಕೆನಿಸಿತು. ಹಾಕಿಸಬೇಡ ಎಂದು ಬರೆದರೆ ನೀನು ಕೂಸನ್ನು ಬಿಟ್ಟು ದಿನಾ ಬಸ್ಸು ಹತ್ತಬೇಕು. ಹಾಕಿಸು ಎಂದು ಬರೆಯಲು ನಿನ್ನ ಕೈ ಏಳುವುದಿಲ್ಲ, ನನಗೆ ಗೊತ್ತಿಲ್ಲವೇ? ಆ ಸಂಕಟ ನಿನಗೆ ಯಾಕೆ ಎಂದು ಸಂಜೆ ವಿಶ್ವರಾಧ್ಯನನ್ನು ಮತ್ತೆ ಕರೆಸಿದೆ. ನೀನು ಮಾಡಿದ ಉರ್ದು ಕಾರ್ಡುಗಳನ್ನೆಲ್ಲ ಒಂದೊಂದು ಪ್ರಿಂಟ್ ತೆಗೆದಿಟ್ಟುಕೊಂಡು, ಹೊಸ ವಿಂಡೋಸ್ ಹಾಕಿಸಿಬಿಟ್ಟೆ. ಉರ್ದು ಕೆಲಸ ಬಂದರೆ ಇನ್ನು ಯಾದಗಿರಿಗೆ ಕಳಿಸುತ್ತೇನೆ. ನೀನು ಕೆಲಸಕ್ಕೆಂದು ಬರಬೇಕಾಗಿಲ್ಲ, ಅಂಜುಮ್. ಮಗಳನ್ನು ಎತ್ತಿಕೊಂಡು ಒಂದು ದಿನ ಸುಮ್ಮನೆ ಬಾ. ನಿನ್ನನ್ನು ನೋಡಬೇಕಾಗಿದೆ.