ಎಡಕಿವಿಗೆ ಹೇಳಿದ್ದು

ಜನವರಿ 9, ಶುಕ್ರವಾರ
ಇವರ ಎಡಕಿವಿ ಮತ್ತೆ ಸೋರುತ್ತಿದೆ. ದಿಂಬಿನ ಕವರ್ ಬಿಸಿನೀರಲ್ಲಿ ನೆನೆಸಿಟ್ಟೆ. ಮಂಗಳೂರಿನ ಪಾರ್ಸೆಲ್‌ನಲ್ಲಿ ಈ ಸಲವೂ ಅದೇ — ಹಪ್ಪಳ, ಉಪ್ಪಿನಕಾಯಿ, ನಡುವೆ ಆ್ಯಂಟಿಬಯಾಟಿಕ್ ಸ್ಟ್ರಿಪ್. ಇಲ್ಲಿ ಗಲ್ಫ್‌ನಲ್ಲಿ ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್‌ನವರು ಕೊಡುವುದಿಲ್ಲ. ಹಾಗಾಗಿ ಊರಿಂದ ಯಾರೇ ಬರಲಿ, ಅತ್ತೆ ಮಗನ ಕಿವಿಗೆ ಮಾತ್ರೆ ಕಳಿಸುತ್ತಾರೆ. ಎರಡು ದಿನ ನುಂಗುವುದು, ಸೋರುವುದು ನಿಂತರೆ ಉಳಿದದ್ದು ಫ್ರಿಜ್ಜಿನ ಮೇಲೆ. ಕೇಳಿದರೆ, "ಸುಮ್ನೆ ಯಾಕೆ ಹೊಟ್ಟೆ ಹಾಳು ಮಾಡೂದು ಮಾರಾಯ್ತಿ?"

ಜನವರಿ 14
ಈ ಸಲ ಮಾತ್ರೆಗೆ ಜಗ್ಗಲಿಲ್ಲ. ಎಡಗಡೆಯಿಂದ ಕರೆದರೆ ತಿರುಗುವುದೇ ಇಲ್ಲ. ಇವತ್ತು ಇವರು ಕೆಲಸ ಮಾಡುವ ಘಾಲಾದ ಗ್ಯಾರೇಜಿನಲ್ಲಿ ಹಿಂದಿನಿಂದ ಬಂದ ಪಿಕಪ್‌ನ ಹಾರ್ನ್ ಕೇಳಿಸದೆ... ಜೊತೆ ಕೆಲಸದ ಹಂಝ ಅಂಗಿ ಹಿಡಿದು ಎಳೆದನಂತೆ. ಅವನೇ ಫೋನ್ ಮಾಡಿ ಹೇಳಿದ. ಇವರು ಹೇಳಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಅಳು.

ಜನವರಿ 19
ಇಎನ್‌ಟಿ ಡಾಕ್ಟರ್ ರತ್ನಪ್ರಭಾ, ಪುತ್ತೂರಿನವರು. ಕೀವಿನಿಂದ ರೋಗಾಣು ಬೆಳೆಸಿ ನೋಡುವ ಕಲ್ಚರ್ ಟೆಸ್ಟಿನ ರಿಪೋರ್ಟ್ ಬಂತು. ನಮ್ಮ ಪಾರ್ಸೆಲ್ ಮಾತ್ರೆಯ ಎದುರು — ರೆಸಿಸ್ಟೆಂಟ್.
"ಅರ್ಧರ್ಧ ತಗೊಂಡು ಬಿಟ್ಟದ್ದಲ್ವಾ ಮ್ಯಾಥ್ಯೂ ಅವರೇ, ಸಾಯದೆ ಉಳಿದ ಬ್ಯಾಕ್ಟೀರಿಯಾಗಳೇ ಬೆಳೆದದ್ದು. ಅವಕ್ಕೆ ಈ ಮಾತ್ರೆ ಈಗ ಲೆಕ್ಕಕ್ಕೇ ಇಲ್ಲ."
ಅಡ್ಮಿಟ್ ಆಗಿ ಬೇರೆ ಇಂಜೆಕ್ಷನ್ ತೆಗೆದುಕೊಳ್ಳಬೇಕು. ಮತ್ತೆ ಕೇಳಿಸುತ್ತದಾ ಎಂದೆ.
"ಮೊದಲು ಒಣಗಲಿ ಕಾರ್ಮಿನ್. ಕೇಳ್ಸೂದು ಆಮೇಲೆ ನೋಡುವ."
ಇವರು ನನ್ನ ಮುಖ ನೋಡಿ "ಹ್ಞಾಂ?" ಎಂದರು.

ಫೆಬ್ರವರಿ 6
ಮನೆಗೆ ಬಂದು ವಾರವಾಯಿತು. ಸೋರುತ್ತಿಲ್ಲ. ಆದರೂ ಡ್ರಾಪ್ಸ್ ನಿಲ್ಲಿಸುವಂತಿಲ್ಲ. ಊಟದ ಮೇಲೆ ಬಲಕಿವಿ ದಿಂಬಿಗೆ ಒತ್ತಿ ಮಲಗುತ್ತಾರೆ, ಎಡಕಿವಿಗೆ ನಾನು ಬಿಡುತ್ತೇನೆ. ಔಷಧಿ ಇಳಿಯುವ ತನಕ ಅಲ್ಲಾಡಬಾರದು. ಮದುವೆಯಾದಂದಿನಿಂದ ಈ ಮನುಷ್ಯ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೇ ಇಲ್ಲ. ಹಾಗಾಗಿ ಆ ಕಿವಿಯ ಹತ್ತಿರ ಬಗ್ಗಿ, ಮೆಲ್ಲನೆ, ಎಲ್ಲ ಹೇಳಿಬಿಡುತ್ತೇನೆ. ಗೊರಕೆಯ ಬಗ್ಗೆ. ಅವರಮ್ಮನ ಬಗ್ಗೆ. ಆ ಪಿಕಪ್ ನೆನಪಾಗಿ ಈಗಲೂ ರಾತ್ರಿ ಎದ್ದು ಕೂರುತ್ತೇನೆ ಎಂದೂ. ಕೇಳಿಸುವ ಕಿವಿಗೆ ಇದನ್ನೆಲ್ಲ ಹೇಳಲು ನಾಚಿಕೆ.

ಫೆಬ್ರವರಿ 13, ಶುಕ್ರವಾರ, ಮಧ್ಯಾಹ್ನ
ಹೊಸ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲವಂತೆ. ದೇವರು ದೊಡ್ಡವನು. ಹಿಯರಿಂಗ್ ಟೆಸ್ಟ್ ಸೋಮವಾರ.
ಡ್ರಾಪ್ಸ್ ಬಿಟ್ಟೆ. ಬಗ್ಗಿ, "ನನಗಿಂತ ಮೊದಲು ಹೋಗ್ಲಿಕ್ಕಿಲ್ಲ ನೀವು, ಆಯ್ತಾ?" ಎಂದೆ. ಅಲ್ಲಾಡಲಿಲ್ಲ. ಕಣ್ಣಿನಿಂದ ಮಾತ್ರ ನೀರು ಇಳಿಯಿತು. ಔಷಧಿ ಉರಿಯಿತೇನೋ ಎಂದು ಒರೆಸಲು ಹೋದರೆ ಕೈ ಹಿಡಿದುಕೊಂಡರು.
"ಮೊನ್ನೆಯಿಂದ ಕೇಳ್ತಾ ಉಂಟು ಕಾರ್ಮಿನ್. ಹೇಳಿದ್ರೆ ನೀನು ಮಾತು ನಿಲ್ಲಿಸಿಬಿಡ್ತೀಯಾ ಅಂತ..."
ಮೊನ್ನೆಯಿಂದ! ಹಾಗಾದರೆ ನಿನ್ನೆ ನಾನು ಹೇಳಿದ್ದು —