ಪೂರ್ತಿ ಕೇಳಿಸುವ ಮನೆಯಿಂದ

ಮೀರಾಕೊಪ್ಪ
ಹಿಜರಿ 1595, ರಂಜಾನ್ ಇಪ್ಪತ್ತು. ಪೇಟೆ ಮಸೀದಿಯವರ ಪ್ರಕಾರ ಹತ್ತೊಂಬತ್ತು.

ನನ್ನ ನಾನಿಯ ನಾನಿಗೂ ನಾನಿಯಾದ ಖೈರುನ್ನಿಸಾ ಅವರಿಗೆ ಸಲಾಂ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲಿ ಇದು 2169ನೆಯ ಇಸವಿ. ನನ್ನ ಹೆಸರು ತಹಸೀನ್. ನೀವು ಹೊಲಿಗೆ ಯಂತ್ರ ಇಟ್ಟುಕೊಂಡು ಕುಳಿತಿದ್ದ ಓಣಿಯಲ್ಲೇ ನಾನು ಕೆಲಸ ಮಾಡುವ ಮನೆ ಇದೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ಕಲ್ಲು ಸಿಕ್ಕ ಅನ್ನದಂತೆ ಅನಿಸಿದರೆ ಮನ್ನಿಸಿ. ನಿಮ್ಮ ಕಾಲದಲ್ಲಿ ಇಲ್ಲದ ವಸ್ತುಗಳಿಗೆ ನಮ್ಮಲ್ಲಿ ಹೆಸರುಗಳಿವೆ. ಹಾಗೆಯೇ ನಿಮ್ಮ ಕಾಲದ ಕೆಲವು ಮಾತುಗಳು ನಮಗೆ ಅರ್ಥವಾಗುವುದಿಲ್ಲ. ‘ಬ್ರೇಕಿಂಗ್ ನ್ಯೂಸ್’ ಎಂದರೆ ಏನು ಮುರಿಯುತ್ತಿತ್ತು ಎಂದು ಮಕ್ಕಳು ಕೇಳುತ್ತಾರೆ. ನನಗೂ ಸರಿಯಾಗಿ ಗೊತ್ತಿಲ್ಲ.

ಬರೆಯಲು ಕಾರಣವಿದೆ. ಇವತ್ತು ಇಫ್ತಾರ್ ಆದ ಮೇಲೆ ನಾನೊಂದು ಕೆಲಸ ಮಾಡಬೇಕು, ಇಲ್ಲವೇ ಮಾಡದೆ ಬಿಡಬೇಕು. ಮಾಡಿದರೆ ನಮ್ಮವರೇ ನನ್ನ ಮೇಲೆ ಮುನಿಯುತ್ತಾರೆ. ಮಾಡದಿದ್ದರೆ ಗೌಸಿಯಾ ನದಾಫ್ ಎಂಬ ಹೆಣ್ಣುಮಗಳು ಈ ಊರಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ಇಂಥ ಇಕ್ಕಟ್ಟಿನಲ್ಲಿ ನಮ್ಮ ಊರಲ್ಲಿ ಮೊದಲು ನಿಂತವರು ನೀವು. ನಿಮ್ಮ ಜೊತೆ ಒಂದಿಷ್ಟು ಮಾತಾಡಿಕೊಂಡರೆ ದಾರಿ ಕಂಡೀತು ಎಂದು ಕಾಗದ ಹಿಡಿದು ಕುಳಿತಿದ್ದೇನೆ.

ಮೊದಲು ನಮ್ಮ ದಿನಗಳು ಹೇಗಿವೆ ಎಂದು ಹೇಳಿಬಿಡುತ್ತೇನೆ. ಸುದ್ದಿಯನ್ನು ನಾವು ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ಕೇಳುವುದಿಲ್ಲ. ಹಾಗೆ ಕೇಳುವುದು ನಿಂತು ನೀರು ಕುಡಿದಂತೆ, ಹಿರಿಯರು ಕಂಡರೆ ಗದರುತ್ತಾರೆ. ಪ್ರತಿ ಓಣಿಯಲ್ಲಿ ಒಂದು ಕೇಳುಕಟ್ಟೆ ಇದೆ. ಸಂಜೆ ಹೊತ್ತು ಅಲ್ಲಿ ಚಾಪೆ ಹಾಸುತ್ತಾರೆ, ಯಾರೋ ಚಹಾದ ಕಿಟಲಿ ತರುತ್ತಾರೆ, ಗೋಡೆಯೊಳಗೆ ಹಾಯಿಸಿದ ದನಿನೂಲಿನಿಂದ ಸುದ್ದಿ ಬರುತ್ತದೆ. ದನಿನೂಲು ಅಂದರೆ ಕೂದಲಿನಷ್ಟು ಸಣ್ಣದೊಂದು ಎಳೆ, ಮಾತನ್ನು ಹೊತ್ತು ತರುತ್ತದೆ. ಸುದ್ದಿ ಓದುವವರಿಗೆ ‘ನೋಡಿಬಂದವರು’ ಎಂದು ಹೆಸರು. ಹೋಗಿ ಕಣ್ಣಾರೆ ನೋಡದೆ ಓದಿದರೆ, ಮೊದಲಿಗೆ ‘ಇದು ಕೇಳಿದ್ದು, ನೋಡಿದ್ದಲ್ಲ’ ಎಂದು ಹೇಳಲೇಬೇಕು. ಹಾಗೆ ಹೇಳಿದ ಕೂಡಲೇ ಅರ್ಧ ಜನ ಎದ್ದು ಚಹಾ ಸೋಸಲು ಹೋಗುತ್ತಾರೆ. ಆದ್ದರಿಂದ ಅಂಥ ಸುದ್ದಿ ಈಗ ಕಡಿಮೆ.

ಹಾಗೆಂದು ನಾವೆಲ್ಲ ದೇವದೂತರಾಗಿದ್ದೇವೆ ಎಂದುಕೊಳ್ಳಬೇಡಿ. ಮೀರಾಕೊಪ್ಪದ ಮೂರು ಮಸೀದಿಗಳು ಈಗಲೂ ಚಂದ್ರನಿಗಾಗಿ ಜಗಳಾಡುತ್ತವೆ. ಕೋಟೆ ಮಸೀದಿಯವರಿಗೆ ಕಂಡ ಚಂದ್ರ ಪೇಟೆಯವರಿಗೆ ಕಾಣುವುದಿಲ್ಲ, ಪೇಟೆಯವರಿಗೆ ಕಂಡದ್ದನ್ನು ನದಾಫರ ಓಣಿಯವರು ಮೋಡ ಎನ್ನುತ್ತಾರೆ. ಈಚೆಗೆ ಇನ್ನೊಂದು ತಕರಾರು ಸೇರಿಕೊಂಡಿದೆ. ನಮ್ಮ ಕೆಲವು ಹುಡುಗರು ದುಡಿಯಲು ಚಂದ್ರನ ಮೇಲಕ್ಕೇ ಹೋಗಿದ್ದಾರೆ. ಚಂದ್ರನ ಮೇಲೆ ನಿಂತವನು ‘ಚಂದ್ರನನ್ನು ನೋಡಿದೆ’ ಎಂದರೆ ಆ ಸಾಕ್ಷಿ ನಡೆಯುತ್ತದೆಯೇ ಎಂದು ಮೌಲವಿಗಳು ಹೋದ ರಂಜಾನಿನಿಂದ ಚರ್ಚೆ ಮಾಡುತ್ತಿದ್ದಾರೆ. ಈದಿಗೆ ಮಾಡಿದ ಸುರಕುಂಬಾ ಪಾಯಸ ಕೆಡುವುದರೊಳಗೆ ತೀರ್ಮಾನವಾದರೆ ಸಾಕು ಎಂದು ಹೆಂಗಸರು ನಗುತ್ತಾರೆ.

ಈಗ ನಿಮ್ಮ ಕಥೆಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಅದನ್ನು ಹೇಳುವ ರೀತಿಯಲ್ಲೇ ಹೇಳುತ್ತೇನೆ. ತಪ್ಪಿದ್ದರೆ ತಿದ್ದಲು ನೀವು ಎದುರಿಗಿಲ್ಲ ಎಂಬುದೇ ನನ್ನ ಧೈರ್ಯ.

ನಿಮ್ಮ ಅಣ್ಣ ಮಕ್ತುಂಸಾಬರು ಕೋಟೆ ಮಸೀದಿಯಲ್ಲಿ ಅಜಾನ್ ಕೊಡುತ್ತಿದ್ದರು. ಹಿಂದಿನ ವರ್ಷ ಊರಲ್ಲಿ ಎರಡು ದಿನ ಈದ್ ಆಗಿ ನಗೆಪಾಟಲಾಗಿತ್ತು. ಮರುವರ್ಷ ರಂಜಾನ್ ಮುಗಿಯುವ ಹೊತ್ತಿಗೇ ಪುರಸಭೆಯ ಚುನಾವಣೆ. ಮಸೀದಿಯಿಂದ ಯಾರಿಗೋ ಓಟು ಹಾಕಲು ಹೇಳುತ್ತಾರಂತೆ ಎಂದು ಗುಸುಗುಸು ಹಬ್ಬಿತ್ತು. ಅದಕ್ಕೆ ನಿಮ್ಮ ಅಣ್ಣ ಮೈಕಿನಲ್ಲಿ ಹೀಗೆ ಹೇಳಿದರು: “ಓಟ ಎಲ್ಲಾರೂ ಒಬ್ಬಗ ಹಾಕ್ರಿ ಅಂತ ಮಸೀದಿಯಿಂದ ಯಾರೂ ಹೇಳೂದಿಲ್ಲ. ಅದು ನಿಮ್ಮ ನಿಮ್ಮ ಮರ್ಜಿ. ಈದ್ ಮಾತ್ರ ಈ ಸಲ ಎಲ್ಲಾರೂ ಒಂದ ದಿನ ಮಾಡೂಣು.” ಅದರ ಹಿಂದೆಯೇ ಟ್ಯಾಂಕಿನ ನೀರಿನ ಮಾತು, ಯಾರದೋ ಕಳೆದುಹೋದ ಆಡಿನ ಮರಿಯ ಮಾತು.

ಒಂದು ಟಿವಿ ಚಾನಲ್ಲಿನವರು ಅದರಲ್ಲಿ ಮೊದಲ ತುಣುಕನ್ನು ಮಾತ್ರ ಕತ್ತರಿಸಿಕೊಂಡರು. “ಓಟ ಎಲ್ಲಾರೂ ಒಬ್ಬಗ ಹಾಕ್ರಿ.” ನಮ್ಮ ಕನ್ನಡದಲ್ಲಿ ‘ಇಲ್ಲ’ ಎನ್ನುವುದು ಕೊನೆಗೆ ಬರುತ್ತದಲ್ಲ ನಾನಿ, ಕೊನೆಯವರೆಗೆ ಕೇಳದವನಿಗೆ ಹೇಳಿದ್ದೆಲ್ಲ ತಿರುಗಾಮುರುಗಾ. ಆ ತುಣುಕು ದಿನವಿಡೀ ತಿರುಗಿತು. ಸ್ಟುಡಿಯೋದಲ್ಲಿ ಕುಳಿತವರು ಮೀರಾಕೊಪ್ಪ ಎಲ್ಲಿದೆ ಎಂದು ಗೊತ್ತಿಲ್ಲದೆಯೂ ಅದರ ಬಗ್ಗೆ ಕೂಗಾಡಿದರು. ಅಣ್ಣನನ್ನು ಠಾಣೆಗೆ ಕರೆಸಿದರು. ನಿಮ್ಮ ಹತ್ತಿರ ಹೊಲಿಯಲು ಕೊಟ್ಟಿದ್ದ ಕುಬಸದ ಖಣಗಳನ್ನು ಎಷ್ಟೋ ಹೆಂಗಸರು ಹಾಗೆಯೇ ವಾಪಸ್ ಒಯ್ದರು. ಯಾರೂ ಜಗಳವಾಡಲಿಲ್ಲ. ‘ಈಗ ಅವಸರ ಇಲ್ಲ ಬಿಡ್ರಿ’ ಎಂದು ಮುಖ ನೋಡದೆ ಒಯ್ದರಂತೆ.

ಚಂದ್ರನ ವಿಷಯದಲ್ಲಿ ಒಂದಾಗದ ಮೂರು ಮಸೀದಿಗಳ ಜಮಾತುಗಳು ಆಗ ಮೊದಲ ಬಾರಿಗೆ ಒಂದೇ ಕಡೆ ಸೇರಿದವು. ಹುಡುಗರು ಕುದಿಯುತ್ತಿದ್ದರು. “ಹೆಂಗೂ ಅಂದಾರಲ್ಲ, ಹಂಗ ಮಾಡಿ ತೋರಸೂಣು. ಎಲ್ಲಾ ಓಟ ಒಬ್ಬಗ ಹಾಕೂಣು” ಎಂದರು. ಹಿರಿಯರೂ ತಲೆದೂಗಿದರು. ಆಗ ಹೆಂಗಸರು ಕುಳಿತಿದ್ದ ಪರದೆಯ ಆಚೆಯಿಂದ ನಿಮ್ಮ ದನಿ ಬಂತು. “ಟಿವಿಯವರು ಅಂದ್ರು ಅಂತ ಒಂದಾಗೂದಾದ್ರ, ನಾಳೆ ಟಿವಿಯವರು ಅಂದ್ರು ಅಂತ ಒಡೀತೀವಿ. ಮೊದಲ ಊರ ಮಂದಿಗೆ ಪೂರ್ತಿ ಕೇಳಸೂಣು.”

ನಿಮ್ಮ ಮೊಬೈಲಿನಲ್ಲಿ ಆ ಮಾತು ಇಡಿಯಾಗಿ ಇತ್ತು. ಹುಬ್ಬಳ್ಳಿಗೆ ಮದುವೆಯಾಗಿ ಹೋಗಿದ್ದ ತಂಗಿಗೆ ಅಣ್ಣನ ದನಿ ಕೇಳುವ ಆಸೆ ಎಂದು ನೀವು ಆಗಾಗ ಮೈಕಿನ ಮಾತು ಹಿಡಿದು ಕಳಿಸುತ್ತಿದ್ದಿರಿ. “ಅಳಿಸಿಬಿಡು ಖೈರೂ, ಮಾತಿಗೆ ಮಾತು ಬೆಳೀತಾವ” ಎಂದು ಅಣ್ಣನೇ ಕೈಮುಗಿದು ಹೇಳಿದ್ದರು. ಅವರಿಗೆ ಹೆದರಿಕೆಯಾಗಿತ್ತು, ಆಗದೆ ಇರುತ್ತದೆಯೇ. ನೀವು ಮಾತ್ರ ಎಲೆ ಮಾರುಕಟ್ಟೆಗೆ ನಡೆದಿರಿ. ವೀಳ್ಯದೆಲೆ ಹರಾಜು ಕೂಗುವ ಗುರುಶಾಂತಪ್ಪನವರ ಮುಂದೆ ಮೊಬೈಲು ಇಟ್ಟು, ನಿಮ್ಮ ಮೈಕು ಒಂಚೂರು ಕೊಡಿ ಎಂದಿರಿ. ಅವರು “ಕೇಳಿದ್ರ ಏನ ಗಂಟ ಹೋಗತೈತಿ, ಇಡ್ರಿ” ಎಂದರಂತೆ.

ಸಂತೆಗೆ ಬಂದ ಊರೆಲ್ಲ ಕೇಳಿತು. ‘ಯಾರೂ ಹೇಳೂದಿಲ್ಲ’ ಎಂಬಲ್ಲಿ ಗದ್ದಲ ನಿಂತಿತು. ಆಡಿನ ಮರಿಯ ಮಾತು ಬಂದಾಗ ಯಾರೋ ನಕ್ಕರು, ಮರಿ ಸಿಕ್ತೋ ಇಲ್ಲೋ ಎಂದು ಇನ್ನ್ಯಾರೋ ಕೇಳಿದರು. ಚಾನಲ್ಲಿನವರು ತಪ್ಪೊಪ್ಪಲಿಲ್ಲ. ಎಲ್ಲ ಖಣಗಳೂ ತಿರುಗಿ ಬರಲಿಲ್ಲ, ಕೆಲವು ಬಂದವು. ಓಟು ಅವರವರ ಮರ್ಜಿಯಂತೆ ಬಿದ್ದವು. ಆದರೆ ಅಂದು ಸೇರಿದ್ದ ಮೂರು ಜಮಾತುಗಳು ಆಮೇಲೆ ಚದುರಲಿಲ್ಲ. ಯಾರಿಗೆ ಓಟು ಎಂದು ಹೇಳಲು ಅವು ಸೇರುತ್ತಿರಲಿಲ್ಲ. ನಮ್ಮ ಮಾತು ಅರ್ಧಕ್ಕೆ ಕತ್ತರಿಸಬೇಡಿ ಎಂದು ಕೇಳಲು ಸೇರುತ್ತಿದ್ದವು. ಈ ಕೇಳಿಕೆ ತಾಂಡಾದವರದೂ ಆಗಿತ್ತು, ಮಾದರ ಕೇರಿಯವರದೂ, ನೇಕಾರರದೂ ಆಗಿತ್ತು. ಎಲ್ಲರೂ ಜೊತೆಗೆ ನಿಂತರು. ಅದು ಕಾನೂನಾಗಲು ನಿಮ್ಮ ಮೊಮ್ಮಕ್ಕಳ ಕಾಲ ಬಂತು. ಈಗ ಯಾರ ಮಾತನ್ನಾದರೂ ತುಣುಕಾಗಿ ಬಿತ್ತರಿಸಿದರೆ ಆ ವ್ಯಕ್ತಿ ಬಂದು “ಪೂರ್ತಿ” ಎಂದರೆ ಸಾಕು, ಮೊದಲಿನಿಂದ ಕೊನೆಯವರೆಗೆ ಎಲ್ಲ ಕೇಳುಕಟ್ಟೆಗಳಲ್ಲಿ ಕೇಳಿಸಬೇಕು. ಹಾಗೆ ಕೇಳಿಸುವವಳಿಗೆ ಪೂರ್ತಿಗಾರ್ತಿ ಎನ್ನುತ್ತಾರೆ. ಮೀರಾಕೊಪ್ಪದ ಪೂರ್ತಿಗಾರ್ತಿ ನಾನು.

ಇನ್ನು ನನ್ನ ಸಂಕಟ. ಈಗ ಜಮಾತುಗಳ ಒಕ್ಕೂಟ ದೊಡ್ಡದಾಗಿದೆ. ಅದಕ್ಕೆ ಸ್ವಂತದ ಬಿತ್ತರಮನೆ ಇದೆ. ವರದಾ ನದಿಯ ನೀರು ಹಂಚುವ ನೀರಿನ ಸಭೆಗೆ ಮುಂದಿನ ವಾರ ಚುನಾವಣೆ. ನಮ್ಮ ಓಣಿಗಳಿಗೆ ಕಾಲುವೆ ನೀರು ಬಂದದ್ದೇ ಒಕ್ಕೂಟದಿಂದ, ಅದನ್ನು ಮರೆತರೆ ನನ್ನ ನಾಲಿಗೆ ಬಿದ್ದೀತು. ಈ ಸಲ ಎಲ್ಲರೂ ಒಬ್ಬರಿಗೇ ಓಟು ಹಾಕಬೇಕೆಂದು ಒಕ್ಕೂಟ ಹೇಳಿದೆ. ಗೌಸಿಯಾ ಸಭೆಯಲ್ಲಿ ಎದ್ದು ನಿಂತು ಹೀಗೆಂದಳು: “ಒಕ್ಕೂಟ ಒಡದು ಹೋಗಲಿ ಅಂತ ನಾ ಯಾವತ್ತೂ ಅಂದಾಕಿ ಅಲ್ಲ. ಆದ್ರ ಇಂಥವ್ರಿಗೆ ಹಾಕ್ರಿ ಅಂತ ನೀವು ಹೇಳೂದಾದ್ರ, ಯಾಕ ಅಂತ ಕೇಳೂ ಹಕ್ಕು ನಮಗಿರಬೇಕು.” ನಮ್ಮ ಬಿತ್ತರಮನೆಯವರು ಕೇಳಿಸಿದ್ದು ಇಷ್ಟೇ: “ಒಕ್ಕೂಟ ಒಡದು ಹೋಗಲಿ.”

ನಮ್ಮವರೇ, ನಾನಿ. ನಿಮ್ಮ ಅಣ್ಣನ ಮಾತನ್ನು ಎಲ್ಲಿ ಕತ್ತರಿಸಿದ್ದರೋ ಸರಿಯಾಗಿ ಅಲ್ಲಿಯೇ. ಆವತ್ತಿನಿಂದ ಗೌಸಿಯಾಳನ್ನು ಇಫ್ತಾರಿನ ದಾವತಿಗೆ ಕರೆಯುವುದು ನಿಂತಿದೆ, ಅವಳ ಮಗಳು ಮದರಸಾದಿಂದ ಅಳುತ್ತಾ ಬಂದಳು. ನಿನ್ನೆ ಅವಳು ನನ್ನ ಬಾಗಿಲಿಗೆ ಬಂದು “ಪೂರ್ತಿ” ಎಂದಳು. ಅವಳ ಹಿಂದೆಯೇ ಬಂದವರು ಜಿಲಾನಿ ಮಾಮಾ, ಒಕ್ಕೂಟದ ಮುಖ್ಯಸ್ಥರು, ನನ್ನ ತಾಯಿಯ ಖಾಸಾ ತಮ್ಮ. ಚಿಕ್ಕಂದಿನಲ್ಲಿ ಈದ್ಗಾಕ್ಕೆ ನನ್ನನ್ನು ಹೆಗಲ ಮೇಲೆ ಒಯ್ದವರು. ಕೆಟ್ಟವರಲ್ಲ. ನೀರಿಗಾಗಿ ಓಡಾಡಿ ಕಾಲು ಸವೆಸಿದವರು. “ತಹಸೀನ್, ಒಗ್ಗಟ್ಟಿದ್ದಿದ್ದಕ್ಕ ನೀರ ಬಂತು. ಚುನಾವಣಿ ಮುಗಿಯೂತನಕ ತಡಿ, ಆಮ್ಯಾಲ ಪೂರ್ತಿನರ ಕೇಳಸ, ಏನರ ಕೇಳಸ” ಎಂದರು. “ನಾಳೆ ಇಫ್ತಾರ್ ಆಗ್ಲಿ ಮಾಮಾ, ನೋಡೂಣು” ಎಂದು ಕಳಿಸಿದೆ.

ಮಾಮಾ ಹೇಳುವುದರಲ್ಲಿ ಸುಳ್ಳಿಲ್ಲ. ಪೂರ್ತಿ ಕೇಳಿದ ಮೇಲೆ ಕೆಲವರು ಗೌಸಿಯಾಳಂತೆ ಪ್ರಶ್ನೆ ಕೇಳಬಹುದು, ಓಟು ಚದುರಬಹುದು, ಕಾಲುವೆಯ ಪಾಳಿ ಕೈತಪ್ಪಬಹುದು. ನನಗೂ ಮನೆಯಲ್ಲಿ ನೀರು ಬೇಕು. ಆದರೆ ಒಬ್ಬ ಹೆಂಗಸಿನ ಮಾತನ್ನು ಕತ್ತರಿಸಿ ಉಳಿಸಿಕೊಂಡ ಒಗ್ಗಟ್ಟಿಗೆ ನಾಳೆ ಮತ್ತೊಬ್ಬರ ಮಾತನ್ನು ಕತ್ತರಿಸಬೇಕಾಗುತ್ತದೆ. ಹೀಗೆ ಕತ್ತರಿಸುತ್ತಾ ಹೋದರೆ ಒಕ್ಕೂಟದಲ್ಲಿ ಉಳಿಯುವವರು ಯಾರು ಎಂದು ಮಾಮಾನನ್ನು ಕೇಳಬೇಕಿತ್ತು. ಎದುರಿಗೆ ನಿಂತಾಗ ಇದು ಹೊಳೆಯಲಿಲ್ಲ, ಈಗ ಬರೆಯುವಾಗ ಹೊಳೆಯಿತು. ಸೈರನ್ ಕೂಗಿತು. ಖರ್ಜೂರ ಬಾಯಿಗೆ ಹಾಕಿಕೊಂಡು ಹೋಗುತ್ತೇನೆ.

ತಿರುಗಿ ಬಂದು ಬರೆಯುತ್ತಿದ್ದೇನೆ. ಕೇಳಿಸಿದೆ, ನಾನಿ. ಗೌಸಿಯಾ ಕೇಳುಕಟ್ಟೆಯ ಕೊನೆಯಲ್ಲಿ ದುಪಟ್ಟಾ ಮುಂದಕ್ಕೆಳೆದುಕೊಂಡು ನಿಂತಿದ್ದಳು. “ಅಂದಾಕಿ ಅಲ್ಲ” ಎಂದು ಬಂದಾಗ ನಾಲ್ಕೈದು ಮಂದಿ ಸಿಟ್ಟಿನಿಂದ ಎದ್ದು ಹೋದರು. ಒಬ್ಬ ಮುದುಕಿ ಸರಿದು ಕುಳಿತು ಪಕ್ಕದ ಚಾಪೆಯನ್ನು ತಟ್ಟಿ ತೋರಿಸಿದಳು, ಗೌಸಿಯಾ ಹೋಗಿ ಕುಳಿತಳು. ನನಗೆ ಅಳು ಬಂತು, ಮರೆಮಾಚಲಿಲ್ಲ. ಚುನಾವಣೆಯಲ್ಲಿ ಏನಾಗುತ್ತದೋ ಅಲ್ಲಾಹನಿಗೆ ಗೊತ್ತು. ನೀರು ತಡವಾಗಿ ಬಂದರೂ ನಾವು ಬದುಕುತ್ತೇವೆ ಎಂದು ಇವತ್ತು ನನಗೆ ಅನಿಸುತ್ತಿದೆ.

ನಿಮ್ಮ ಕಾಲದವರಿಗೆ ಒಂದು ಮಾತು ಹೇಳಿಬಿಡಿ. ಇಂದು ಮೈಕು ನಿಮ್ಮ ಕೈಯಲ್ಲಿಲ್ಲ ಎಂದು ನಿಮಗೆ ನೋವಿದೆ, ಇರಬೇಕಾದದ್ದೇ. ಆದರೆ ಒಂದು ದಿನ ಅದು ನಮ್ಮ ಕೈಗೂ ಬರುತ್ತದೆ. ಆವತ್ತು ಕತ್ತರಿಯೂ ಜೊತೆಗೇ ಬರುತ್ತದೆ ಎಂದು ಮಕ್ಕಳಿಗೆ ಈಗಲೇ ಹೇಳಿಡಿ. ಮತ್ತೆ, ಭಯದಿಂದ ಒಂದಾದ ದಿನಗಳಿಗಿಂತ ನೀವು ಎಲೆ ಮಾರುಕಟ್ಟೆಗೆ ನಡೆದ ದಿನವನ್ನು ನಾವು ಹೆಚ್ಚು ನೆನೆಯುತ್ತೇವೆ ಎಂದು ನಿಮಗೆ ತಿಳಿದಿರಲಿ. ಸಲಾಂ ನಾನಿ, ನಿಮ್ಮ ದುವಾದಲ್ಲಿ ನಾನೂ ಇರಲಿ.

ಮುಗಿಸಬೇಕೆಂದಿದ್ದೆ, ಇನ್ನೊಂದು ಮಾತು ಉಳಿಯಿತು. ಕೇಳಿಸಿ ಮುಗಿದ ಸ್ವಲ್ಪ ಹೊತ್ತಿಗೆ ಜಿಲಾನಿ ಮಾಮಾ ಕೇಳುಕಟ್ಟೆಯ ಪಕ್ಕದ ನನ್ನ ಕೋಣೆಗೆ ಬಂದಿದ್ದರು. ಮುಖ ಕೆಂಪಗಾಗಿತ್ತು. “ನನ್ನ ಮಾತೂ ಊರ ಮಂದಿ ಕೇಳಬೇಕು” ಎಂದು ಕುಳಿತರು. ದನಿನೂಲು ತೆರೆದುಕೊಟ್ಟೆ. ಮೊದಲು ಗೌಸಿಯಾಳಿಗೆ ಉತ್ತರ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮೀರಾಕೊಪ್ಪವೆಲ್ಲ ಕೇಳುತ್ತಿರುವಾಗಲೇ, ನನ್ನ ಮೊಂಡುತನವನ್ನೂ ನನ್ನನ್ನು ಬೆಳೆಸಿದ ತಾಯಿಯನ್ನೂ ಸೇರಿಸಿ ಬೈಯತೊಡಗಿದರು. ತರಾವೀಹ್ ನಮಾಜಿಗೆ ಹೊತ್ತಾಯಿತು, ನಿಲ್ಲಿಸು ಎಂದು ಬಾಗಿಲಲ್ಲಿ ನಿಂತ ಯಾರೋ ಸನ್ನೆ ಮಾಡಿದರು. ನಾನು ಕೈ ಎತ್ತಿ ಅವರನ್ನು ತಡೆದೆ. ಮಾಮಾನ ಮಾತು ಇನ್ನೂ ಮುಗಿದಿರಲಿಲ್ಲ.