ಪದ್ಮನಾಭರ ಮೂರನೆಯ ಪ್ರಶ್ನೆ

ರಾಜಾಜಿನಗರ
೯-೧೧-೧೯೫೭, ಶನಿವಾರ

ಪ್ರೀತಿಯ ಕೋಕಿಲಾ,

ಮಧ್ಯಾಹ್ನ ಎರಡು ಗಂಟೆಗೆ ಗೇಟಿನ ಚಿಲಕ ಸದ್ದಾಗಿ ಎಚ್ಚರವಾಯಿತು. ಪಾಪುವಿಗೆ ಹಲ್ಲು ಬರುತ್ತಿದೆ, ಮೂರು ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಆಗಷ್ಟೇ ಜೋಂಪು ಹತ್ತಿತ್ತು. ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ಬಿಸಿನೀರು ಕೇಳಿ ಕುಡಿ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೋ.

ಬಂದವರು ಪದ್ಮನಾಭ. ಹೋದ ಭಾನುವಾರ ನಮ್ಮ ಮನೆಗೆ ನಿನ್ನನ್ನು ನೋಡಲು ಬಂದು, ಉಪ್ಪಿಟ್ಟು ತಿಂದು, ಒಂದು ಮಾತೂ ಆಡದೆ ಎದ್ದು ಹೋದರಲ್ಲ, ಅವರೇ. ಗಂಡು ಏನೂ ಕೇಳದೆ ಎದ್ದರೆ ಹೆಣ್ಣು ಒಪ್ಪಿಗೆಯಾಗಲಿಲ್ಲ ಅಂತಲೇ ಅರ್ಥ ಎಂದು ಅಪ್ಪ ಮುಖ ಇಳಿಬಿಟ್ಟರು. ನೀನು "ನಾನು ಬಾಯಿಬಡುಕಿ ಅಂತ ಬಿಟ್ಟಿದಾರೆ ಕಣೇ ಅಕ್ಕ. ಅವರು ಹೇಳೋಕೆ ಮುಂಚೆ ನಾವೇ ಬೇಡ ಅಂದ್ಬಿಡೋಣ" ಎಂದು ಮೈಸೂರಿನ ರೈಲು ಹತ್ತಿದೆ. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದು ನನಗೆ ಕಾಣಲಿಲ್ಲವೆಂದುಕೊಂಡೆಯಾ?

ಅವರು ಇವತ್ತು ಜಗಲಿ ದಾಟಿ ಒಳಗೂ ಬರಲಿಲ್ಲ. "ಮೂರು ಪ್ರಶ್ನೆ ಯೋಚಿಸ್ಕೊಂಡು ಬಂದಿದ್ದೆ. ಮದುವೆಯಾದ್ಮೇಲೂ ಓದ್ತಾರಾ ಅಂತ ಒಂದು. ನಮ್ಮಮ್ಮನಿಗೆ ಕಿವಿ ಮಂದ, ಬೇಜಾರಿಲ್ವಾ ಅಂತ ಇನ್ನೊಂದು. ಕೇಳೋದರೊಳಗೆ ಓದಿನ ವಿಷಯ ಅವರೇ ಹೇಳ್ಬಿಟ್ರು. ಅಮ್ಮನ ಪಕ್ಕ ಕೂತು ಕಿವಿಗೇ ಬಾಯಿಟ್ಟು ಅದೇನೋ ಹೇಳಿದ್ರು; ಅಮ್ಮ ಹಾಗೆ ನಕ್ಕು ವರ್ಷವಾಗಿತ್ತು. ಮೂರನೇದು ಕೇಳೋಕೆ ನನಗೆ ಸಂದು ಸಿಗಲಿಲ್ಲ." ಮೂರನೆಯದು ಏನೆಂದೆ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಾನು ಮಾತು ಕಮ್ಮಿ. ಅವರಿಗೆ ಪರವಾಗಿಲ್ವಾ?" ಅಂದರು.

ಕೋಕಿ, ನಾನೂ ಆ ಜಾತಿಯವಳೇ ತಾನೆ? ನಿನ್ನ ಭಾವ ಹಾಲಿನ ಮುನಿತಾಯಮ್ಮನ ಹತ್ತಿರವೂ ಅರ್ಧ ಗಂಟೆ ಹರಟುತ್ತಾರೆ. ನಾನು ಒಳಗೆ ಕೂತು ಕೇಳುತ್ತ ಸುಖವಾಗಿದ್ದೇನೆ. ಮೊದಲ ವರ್ಷ ದಿನಕ್ಕೆ ಹತ್ತು ಸಲ "ಕೋಪಾನಾ?" ಎಂದು ಕೇಳಿ ಪ್ರಾಣ ತಿಂದಿದ್ದರು. ಈಗ ನಾನು ಲೋಟ ಇಡುವ ಸದ್ದಿನಲ್ಲೇ ತಿಳಿದುಕೊಳ್ಳುತ್ತಾರೆ. ನೀನೂ ಅಷ್ಟು ಕಲಿತರೆ ಸಾಕು.

ಅಪ್ಪನಿಗೆ ಹೇಳಿದೆ. "ಬೇಡ ಅಂದೋಳು ಅವಳು, ಬೇಕು ಅಂತ ಅವಳ ಬಾಯಲ್ಲೇ ಬರಲಿ. ಇಲ್ದಿದ್ರೆ ಬೆಳಿಗ್ಗೆ ಏಳಕ್ಕೆ ಜಾತಕ ವಾಪಸ್ ಕೊಟ್ಟು ಬರ್ತೀನಿ" ಅಂದರು. ಆಫೀಸಿನ ಕೆಲಸಕ್ಕೆ ಸಂಜೆ ರೈಲಿಗೆ ಮೈಸೂರಿಗೆ ಬರುತ್ತಿರುವ ನಿನ್ನ ಭಾವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಬಾಯಲ್ಲಿ ಹೇಳಿ ಕಳಿಸಿದರೆ ರೈಲಿನಲ್ಲಿ ಸಿಕ್ಕವರ ಕಥೆಯೆಲ್ಲ ಹೇಳಿ ಇದೊಂದನ್ನು ಮರೆಯುತ್ತಾರೆ.

ಪಾಪು ಎದ್ದಿತು. ದೇವರು ನಿನಗೆ ಧೈರ್ಯವನ್ನೂ ಬೇಗ ಫೋನಿನ ಟ್ರಂಕ್ ಲೈನೊಂದನ್ನೂ ಕೊಡಲಿ.

ನಿನ್ನ ಅಕ್ಕ,
ಅನಂತಲಕ್ಷ್ಮಿ

ಮುಖ್ಯವಾದದ್ದೇ ಮರೆತೆ: ಎದುರುಮನೆ ಡಾಕ್ಟರು ಚನ್ನಕೇಶವ ಪದ್ಮನಾಭರ ಸೋದರಮಾವ. ಆ ಮನೆಯ ಫೋನಿನ ಪಕ್ಕದಲ್ಲೇ ಪದ್ಮನಾಭ ಇವತ್ತು ರಾತ್ರಿಯೆಲ್ಲ ಕೂತಿರುತ್ತಾರಂತೆ. ವಾರ್ಡನ್ ಬೈದರೂ ಸರಿ, ಬೆಳಗಾಗುವುದರೊಳಗೆ ಫೋನ್ ಮಾಡು, ನಿನ್ನ ದಮ್ಮಯ್ಯ. ಆ ಕಡೆಯಿಂದ ಸದ್ದೇ ಬರದಿದ್ದರೆ ಲೈನು ಹೋಯಿತೆಂದು ಇಟ್ಟುಬಿಡಬೇಡ. ನೀನು ಮಾತಾಡುತ್ತಾ ಇರು, ಅವರು ಕೇಳುತ್ತಿರುತ್ತಾರೆ.